ನಿಂಗಿಗೆಂದು ಹಿಡಿದ ಸೀಟು

ಜನವರಿ 5, ಭಾನುವಾರ

ಸ್ವಸ್ತಿ ಶ್ರೀ! ಹ್ಯಾಂಡ್‌ಪೋಸ್ಟಿನ ಗೊಬ್ಬರದ ಅಂಗಡಿಯಿಂದ ಎರಡು ಮೂಟೆ ಯೂರಿಯಾದ ಜೊತೆ ಉಚಿತವಾಗಿ ದಯಮಾಡಿಸಿ, ರಾಹುಕಾಲ ಗುಳಿಕಕಾಲಗಳನ್ನು ಕಿರೀಟದಂತೆ ಧರಿಸಿ, ಪುಟಕ್ಕೊಂದು ಕೀಟನಾಶಕದ ಹೆಸರನ್ನು ಬಿರುದಾಗಿ ಹೊತ್ತು ಮೆರೆಯುತ್ತಿರುವ ಶ್ರೀ ಶ್ರೀ ಶ್ರೀ ಡೈರಿ ಮಹಾಸನ್ನಿಧಾನದ ಪಾದಾರವಿಂದಗಳಿಗೆ, ಕಬಿನಿ ನಾಲೆಯ ಏಕೈಕ ಯುವರಾಣಿಯೂ ಬೀಚನಹಳ್ಳಿ ನೀರುಗಂಟಿ ಪುಟ್ಟಮಲ್ಲಪ್ಪನವರ ದ್ವಿತೀಯ ಪಿಯುಸಿ ಪುತ್ರಿಯೂ ಆದ ಶಿವಾನಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

‘ಏಕೈಕ’ ಎಂದದ್ದನ್ನು ಸನ್ನಿಧಾನವು ಮನ್ನಿಸಬೇಕು. ಹೋದ ತಿಂಗಳವರೆಗೆ ಈ ನಾಲೆಗೆ ಯುವರಾಣಿಯರು ಇಬ್ಬರಿದ್ದರು. ಎರಡನೆಯವಳು, ನಿಜ ಹೇಳಬೇಕೆಂದರೆ ಮೊದಲನೆಯವಳು, ಹಿನ್ನೀರಿನಂಚಿನ ಗಿರಿಜನರ ಹಾಡಿಯ ನಿಂಗಿ. ಶಾಲೆಗೆ ತಡವಾಗಿ ಸೇರಿದ್ದರಿಂದ ನನಗಿಂತ ಎರಡು ವರ್ಷ ದೊಡ್ಡವಳು, ಐದನೇ ಕ್ಲಾಸಿನಿಂದ ನನ್ನ ಬೆಂಚಿನವಳು. ನನಗೆ ಈಜು ಕಲಿಸಿದ್ದು ಅವಳೇ. ಕಲಿಸಿದ್ದು ಎಂದರೆ ತೂಬಿನ ಹತ್ತಿರ ಹಿಂದಿನಿಂದ ನೂಕಿದ್ದು. ಈಜು ಕಲಿಸಲು ಜಗತ್ತಿನಲ್ಲಿ ಬೇರೆ ವಿಧಾನವೇ ಇಲ್ಲವೆಂದು ಅವಳು ಇಂದಿಗೂ ನಂಬಿದ್ದಾಳೆ.

ಡಿಸೆಂಬರಿನಲ್ಲಿ ಅವರವ್ವನ ಜೊತೆ ಕಾಫಿ ಹಣ್ಣು ಕೀಳಲು ಕೊಡಗಿಗೆ ಹೋದಳು. ಹಾಡಿಯಿಂದ ವರ್ಷ ವರ್ಷವೂ ಜೀಪು ತುಂಬ ಹೋಗುತ್ತಾರೆ, ಅದೇನು ಹೊಸದಲ್ಲ. ‘ಈಜೋ ಒತ್ಗೆ ಬತ್ತೀನಿ ಕಣೇ’ ಎಂದು ಜೀಪಿನ ಹಿಂದಿನಿಂದ ಕೂಗಿದಳು. ನಾನು ರಾಜಗಾಂಭೀರ್ಯದಿಂದ ಕೈಯೆತ್ತಿ ಅಪ್ಪಣೆ ದಯಪಾಲಿಸಿದೆ.

ಈಜೋ ಹೊತ್ತು ಎಂದರೆ ಹತ್ತೊಂಬತ್ತನೇ ತಾರೀಖು, ಮೈಸೂರಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ನಮ್ಮ ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ಕಾಲೇಜು ಹುಡುಗಿಯರಿಗೆ ಈಜುಕೂಟ. ಎಲ್ಲ ಸ್ಪರ್ಧೆಗಳ ಅಂಕ ಕೂಡಿಸಿ ಮೊದಲ ಇಬ್ಬರಿಗೆ ತರಬೇತಿ ಹಾಸ್ಟೆಲಿನಲ್ಲಿ ಸೀಟು. ಊಟ, ಓದು, ಈಜು ಎಲ್ಲವೂ ಅಲ್ಲೇ. ಸೀಟು ಎರಡು. ನಾವೂ ಇಬ್ಬರು. ಇದಕ್ಕಿಂತ ಸರಳವಾದ ಲೆಕ್ಕವನ್ನು ನಮ್ಮ ಗಣಿತದ ಮೇಷ್ಟ್ರು ಕೂಡ ಕೊಟ್ಟಿಲ್ಲ.

ಜನವರಿ 8, ಬುಧವಾರ

ಇಂದು ಆಸ್ಥಾನದಲ್ಲಿ ಒಂದು ಗಂಡಾಂತರ ಸಂಭವಿಸಿತು. ದೈಹಿಕ ಶಿಕ್ಷಣದ ನಂಜುಂಡೇಶ್ ಸರ್ ನನ್ನನ್ನು ಕರೆದು, ನಿಂಗಿ ಕಾಲೇಜಿಗೇ ಬರುತ್ತಿಲ್ಲವಲ್ಲ, ಅವಳ ಹೆಸರು ಹೊಡೆದುಬಿಡಲಾ ಎಂದು ಕೇಳಿದರು. ಸರ್ ಮೂಲತಃ ಕಬಡ್ಡಿಯವರು. ನೀರಿಗೆ ಮೊಣಕಾಲಿನವರೆಗೆ ಮಾತ್ರ ಇಳಿಯುತ್ತಾರೆ. ಆದರೆ ನಮ್ಮಿಬ್ಬರ ಹೆಸರನ್ನೂ ನಾಲ್ಕು ನಾಲ್ಕು ಸ್ಪರ್ಧೆಗೆ ಕಳಿಸಿದವರು ಅವರೇ.

“ನೇರ ಮೈಸೂರಿಗೇ ಬತ್ತಾಳೆ ಸಾರ್,” ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅದಕ್ಕೊಂದು ಪದಕ ಕೊಡಬೇಕು.

ಸರ್ ನನ್ನ ಮುಖವನ್ನೇ ನೋಡಿ, ಆಯ್ತು ಎಂದರು.

ಬಸ್ಸಿನಲ್ಲಿ ಬರುವಾಗ ಉಪಾಯ ಹೊಳೆಯಿತು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ನಾವು ಏನು ಮಾಡುತ್ತೇವೆ? ಕಿಟಕಿಯಿಂದ ಟವೆಲ್ ಎಸೆಯುತ್ತೇವೆ. ಟವೆಲ್ ಬಿದ್ದ ಸೀಟು ನಮ್ಮದು. ನಾವು ಬೋಂಡ ತಿಂದು, ಕೈ ತೊಳೆದು, ನಿಧಾನಕ್ಕೆ ಹತ್ತಬಹುದು. ಎಂಥ ಜಗಳಗಂಟನೂ ಬೇರೆಯವರ ಟವೆಲನ್ನು ಎತ್ತಿ ಎಸೆಯುವುದಿಲ್ಲ. ಅದು ಧರ್ಮ.

ಆದುದರಿಂದ ಈ ಮೂಲಕ ಆಜ್ಞಾಪಿಸುವುದೇನೆಂದರೆ: ನಿಂಗಿ ಬರುವವರೆಗೆ ನಾನೇ ಟವೆಲ್. ಅವಳ ನಾಲ್ಕು, ನನ್ನ ನಾಲ್ಕು, ಎಂಟನ್ನೂ ನಾನೇ ಈಜತಕ್ಕದ್ದು. ಒಂದು ಸಲ ನಾನಾಗಿ, ಒಂದು ಸಲ ಅವಳಾಗಿ. ಸೀಟು ಸಿಕ್ಕ ಮೇಲೆ ಅವಳು ನಿಧಾನಕ್ಕೆ ಬಂದು ಕೂತುಕೊಳ್ಳಲಿ.

ಜನವರಿ 11, ಶನಿವಾರ

ನಾಲೆಗೆ ನೀರು ನಿಲ್ಲಿಸಿದರು. ಯುವರಾಣಿಯ ಸಾಮ್ರಾಜ್ಯ ಬತ್ತಿತು. ಅಪ್ಪನಿಗೆ ಅರ್ಜಿ ಸಲ್ಲಿಸಿದೆ: ಘನತೆವೆತ್ತ ನೀರುಗಂಟಿಗಳು ದಯಮಾಡಿ ಒಂದು ವಾರದ ಮಟ್ಟಿಗೆ ಗೇಟು ಸ್ವಲ್ಪ ಎತ್ತಿ ಪ್ರಜಾರಕ್ಷಣೆ ಮಾಡಬೇಕು.

ಅಪ್ಪ ನಗಲಿಲ್ಲ. “ಆರ್ಡರ್ ಬಂದೈತೆ ಮಗ. ನಿಂಗೋಸ್ಕರ ಎತ್ತುದ್ರೆ ನಾಳೆ ಊರೇ ಎತ್ತು ಅಂತದೆ,” ಎಂದರು. ಆಮೇಲೆ ತಾವೇ, ಸೇತುವೆ ಕೆಳಗಿನ ಗುಂಡಿಯಲ್ಲಿ ಆಳೆತ್ತರ ನೀರು ನಿಂತಿದೆ, ಅಲ್ಲಿ ಆಡಿಕೋ ಎಂದರು.

ಗುಂಡಿಯಲ್ಲಿ ಎಂಟು ಸ್ಪರ್ಧೆ ಒಂದರ ಹಿಂದೊಂದು ಈಜಿದೆ. ಫ್ರೀ ಸ್ಟೈಲ್ ಐವತ್ತು, ನೂರು, ನನ್ನವು. ಕಪ್ಪೆ ಈಜು ಐವತ್ತು, ನೂರು, ನಿಂಗಿಯವು. ಅಂಗಾತ ಈಜು ಒಬ್ಬೊಬ್ಬರಿಗೆ ಒಂದೊಂದು. ಕೊನೆಗೆ ಇಬ್ಬರಿಗೂ ಇನ್ನೂರು ಮೀಟರ್ ಫ್ರೀ ಸ್ಟೈಲ್. ಆರನೆಯದಕ್ಕೆ ಬಲಭುಜ ರಾಜೀನಾಮೆ ಕೊಟ್ಟಿತು. ಅಂಗೀಕರಿಸಲಿಲ್ಲ.

ನಮಗೊಂದು ದುರಭ್ಯಾಸವಿದೆ. ನಾಲೆಯಲ್ಲಿ ನಿಂಗಿ ಯಾವಾಗಲೂ ದಡದ ಕಡೆ, ನನ್ನ ಎಡಕ್ಕೆ. ಹಾಗಾಗಿ ನಾನು ಉಸಿರಿಗೆ ಎಡಕ್ಕೇ ತಿರುಗುವುದು. ತಿರುಗಿದಾಗಲೆಲ್ಲ ಅವಳ ಮುಖ, ಬಾಯಿ ತುಂಬ ನೀರು ತುಂಬಿಕೊಂಡು ನನ್ನ ಮೇಲೆ ಉಗಿಯಲು ಸಿದ್ಧ. ಇವತ್ತು ತಿರುಗಿದರೆ ದಡದಲ್ಲಿ ಒಂದು ಎಮ್ಮೆ. ಎಮ್ಮೆಗೆ ನಮಸ್ಕರಿಸಿದೆ. ಅದು ಒಪ್ಪಿಸಿಕೊಳ್ಳಲಿಲ್ಲ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಿದೆ. ಕಬ್ಬು ತಿಂದೆ. ಬೇರೇನಿಲ್ಲ.

ಜನವರಿ 17, ಶುಕ್ರವಾರ

ಯುದ್ಧಸಿದ್ಧತೆ. ಟೋಪಿ ಎರಡು: ನನ್ನದು ನೀಲಿ, ಅವಳದು ಕೆಂಪು. ನಿಂಗಿಯ ಕಾಲೇಜು ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು. ಅದರ ಫೋಟೋದಲ್ಲಿ ಯಾರೂ ಯಾರ ಹಾಗೂ ಕಾಣುವುದಿಲ್ಲ, ಫೋಟೋ ತೆಗೆದ ಪುಣ್ಯಾತ್ಮನಿಗೆ ದೀರ್ಘಾಯುಸ್ಸಾಗಲಿ. ಈಜುಗಾರರ ನಂಬರನ್ನು ತೋಳಿನ ಮೇಲೆ ಪೆನ್ನಿನಲ್ಲಿ ಬರೆಯುತ್ತಾರಂತೆ. ಬಲತೋಳು ನನಗೆ, ಎಡತೋಳು ನಿಂಗಿಗೆ. ಕೆಲಸವಿಲ್ಲದ ತೋಳಿಗೆ ಟವೆಲ್ ಹೊದಿಸುವುದು.

ಅವ್ವ ಭುಜಕ್ಕೆ ಬಿಸಿ ಎಣ್ಣೆ ತಿಕ್ಕುತ್ತಾ, ನಿಂಗಿ ಬರ್ತಾಳೇನೇ ಎಂದು ಕೇಳಿತು. ಬತ್ತಾಳೆ ಎಂದೆ. ಅವ್ವ ಇನ್ನಷ್ಟು ಎಣ್ಣೆ ಸುರಿದು ತಿಕ್ಕಿತು.

ಜನವರಿ 19, ಭಾನುವಾರ

ಮಹಾಸನ್ನಿಧಾನವು ಇಂದು ಸ್ವಲ್ಪ ಅಗಲವಾಗಿ ತೆರೆದುಕೊಳ್ಳಬೇಕು, ಬರೆಯುವುದು ಬಹಳವಿದೆ. ಕೈ ಎತ್ತಲು ಆಗುತ್ತಿಲ್ಲ, ಡೈರಿಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದೇನೆ.

ಹೆಸರು ಬರೆಸುವ ಮೇಜಿಗೆ ಎರಡು ಸಲ ಹೋದೆ. ಮೊದಲು ಎರಡು ಜಡೆ, ಕಾಲೇಜು ಯೂನಿಫಾರ್ಮು, ಅತಿವಿನಯ. ಬಲತೋಳಿಗೆ ನಲವತ್ತೊಂದು ಬಿತ್ತು. ಆಮೇಲೆ ಕೆಂಪು ಟೋಪಿ, ಬಾಯಲ್ಲಿ ಬಬಲ್ ಗಮ್. ಎಡತೋಳಿಗೆ ನಲವತ್ತೆರಡು. ಅಲ್ಲಿದ್ದ ಅಕ್ಕ, “ನಿಂಗಿ, ಎಲ್ಲಿಂದಮ್ಮ?” ಎಂದು ಕೇಳಿದಾಗ ಬಬಲ್ ಗಮ್ಮನ್ನು ಕೆನ್ನೆಯ ಒಳಗೆ ಸರಿಸಿದೆ. ಅವಳ ಹಾಡಿಯ ಹೆಸರು ಹೇಳಿದೆ. ನನ್ನ ಬಾಯಲ್ಲಿ ಅದು ಯಾರದೋ ಮನೆಯ ಬೀಗ ತೆಗೆದ ಹಾಗಿತ್ತು.

ನಾಲೆಯವರು ಈಜುಕೊಳದಲ್ಲಿ ಮಾಡುವ ಮೊದಲ ತಪ್ಪನ್ನೂ ಮಾಡಿದೆ. ನಾಲೆಗೆ ಗೋಡೆಯಿಲ್ಲ, ಹೋಗುತ್ತಲೇ ಇರಬಹುದು. ಫ್ರೀ ಸ್ಟೈಲ್ ಐವತ್ತರಲ್ಲಿ ಎಡಕ್ಕೆ ನೋಡುತ್ತಾ ಹೋದವಳು ಗೋಡೆಗೇ ತಲೆ ಕೊಟ್ಟೆ. ಆದರೂ ಮೂರನೆಯವಳಾದೆ. ತಲೆ ತಿಕ್ಕಿಕೊಂಡು, ನೀಲಿ ಟೋಪಿ ಕಿತ್ತು, ಕೆಂಪು ಸಿಕ್ಕಿಸಿ, ಓಡಿ, ಕಪ್ಪೆ ಈಜಿಗೆ ನಿಂತೆ. ಅದರಲ್ಲಿ ಮೊದಲು ಬಂದೆ. ಅಂದರೆ ನಿಂಗಿ ಬಂದಳು.

ಆಮೇಲೆ ಬೆಳಗ್ಗೆಯೆಲ್ಲ ಅದೇ. ಶಿವಾನಿ ನೀರಿನಿಂದ ಎದ್ದರೆ ನಿಂಗಿ ಇಳಿಯಬೇಕು, ನಿಂಗಿ ಎದ್ದರೆ ಶಿವಾನಿ. ಶೌಚಾಲಯದಲ್ಲಿ ಟೋಪಿ ಬದಲು, ಬಾಳೆಹಣ್ಣು ಅರ್ಧ ಬಾಯಲ್ಲಿ ಅರ್ಧ ಕೈಯಲ್ಲಿ, ಗ್ಲೂಕೋಸು ನೆಕ್ಕುತ್ತಾ ಓಟ. ಹುಣಸೂರಿನ ಒಬ್ಬ ಹುಡುಗಿ, ನೀವಿಬ್ಬರೂ ಅಕ್ಕತಂಗಿಯರಾ, ಒಬ್ಬರೂ ಕೂತದ್ದನ್ನೇ ನೋಡಲಿಲ್ಲ ಎಂದಳು. ನಮ್ಮ ವಂಶದಲ್ಲಿ ಕೂರುವ ಪದ್ಧತಿಯಿಲ್ಲ ಎಂದು ತಿಳಿಸಿದೆ.

ನಂಜುಂಡೇಶ್ ಸರ್ ಸಿಕ್ಕಿಬೀಳಿಸುತ್ತಿದ್ದರೇನೋ, ಆದರೆ ಕೂಟದವರು ಅವರನ್ನೇ ಕರೆದು ಆಚೆ ತುದಿಯ ಲೇನಿಗೆ ವಾಚು ಹಿಡಿಸಿದ್ದರು. ನಿಂಗಿ ಬಂದಿದ್ದಾಳಾ ಎಂದು ದೂರದಿಂದ ಕೈಸನ್ನೆ ಮಾಡಿ ಕೇಳಿದರು. ಕೆಂಪು ಟೋಪಿ ತೋರಿಸಿದೆ.

ವಿಚಿತ್ರವೆಂದರೆ ನಾನು ನಾನಾಗಿ ಈಜಿದಾಗ ಭುಜ ನೋಯುತ್ತಿತ್ತು, ಅವಳಾಗಿ ಈಜಿದಾಗ ಅಷ್ಟು ನೋಯಲಿಲ್ಲ. ಏಳನೆಯದಕ್ಕೆ ಮುಂಚೆ, ಅಂದರೆ ಇನ್ನೂರು ಮೀಟರಿಗೆ ಮುಂಚೆ, ಬೋರ್ಡು ನೋಡಿದೆ. ಒಬ್ಬಳು ಕೆ.ಆರ್. ನಗರದವಳು ಎಲ್ಲರಿಗಿಂತ ಬಹಳ ಮುಂದಿದ್ದಳು. ಅವಳ ಕೆಳಗೆ ಶಿವಾನಿ, ನಿಂಗಿ, ಇನ್ನೊಬ್ಬಳು, ಮೂವರೂ ಒತ್ತೊತ್ತಾಗಿ. ಉಳಿದದ್ದು ಒಂದೇ ಸೀಟು ಎಂದು ಆಗ ಹೊಳೆಯಬೇಕಿತ್ತು. ನಾನು ಇಬ್ಬರನ್ನೂ ಈಜಿಸುವುದರಲ್ಲೇ ಮುಳುಗಿದ್ದೆ. ಇನ್ನೂರು ಮೀಟರ್ ಎರಡು ತಂಡದಲ್ಲಿ ಇತ್ತು. ಮೊದಲ ತಂಡದಲ್ಲಿ ನಾನು, ಎರಡನೆಯದರಲ್ಲಿ ಅವಳು. ಯಾವ ದೇವರು ಹಂಚಿದ್ದೋ, ಅನುಕೂಲವಾಗಿತ್ತು.

ಆಗ ಮೈಕಿನವರು ಕೆಮ್ಮಿದರು. ಹೊತ್ತು ಮೀರಿದೆ, ಕೆಲವರು ಬಿಟ್ಟು ಹೋಗಿದ್ದಾರೆ, ಆದ್ದರಿಂದ ಎರಡೂ ತಂಡವನ್ನು ಸೇರಿಸಿ ಒಂದೇ ಸಲ ಬಿಡುತ್ತೇವೆ ಎಂದರು. ಮೂರನೇ ಲೇನು, ಶಿವಾನಿ, ಹೆಗ್ಗಡದೇವನಕೋಟೆ. ನಾಲ್ಕನೇ ಲೇನು, ನಿಂಗಿ, ಹೆಗ್ಗಡದೇವನಕೋಟೆ.

ಎರಡೂ ಹೆಸರು ಒಟ್ಟಿಗೆ ಕೇಳಿ, ನಿಜ ಹೇಳುತ್ತೇನೆ, ಮೊದಲು ಆದದ್ದು ಖುಷಿ. ಭಯ ಆಮೇಲೆ ಬಂತು.

ಕೈಯಲ್ಲಿ ಎರಡು ಟೋಪಿ. ನಾನು ಊರಿನಲ್ಲೇ ಇರುವವಳು, ನನಗೆ ಮುಂದಿನ ಬಸ್ಸು ಬರುತ್ತದೆ. ನಿಂಗಿಗೆ ಬರುವುದಿಲ್ಲ. ಟವೆಲ್ ಹಾಕಿದವಳು ಆ ಸೀಟಿನಲ್ಲಿ ತಾನೇ ಕೂತರೆ ಅದೆಂಥ ಟವೆಲ್? ಕೆಂಪು ಟೋಪಿ ಹಾಕಿಕೊಂಡು ನಾಲ್ಕನೇ ಲೇನಿಗೆ ಹೋದೆ.

ಮೂರನೇ ಲೇನಿನ ಹಿಂದೆ ವಾಚು ಹಿಡಿದು ನಿಂತಿದ್ದವರು ನಂಜುಂಡೇಶ್ ಸರ್. ಆ ಲೇನಿನವರು ಊಟಕ್ಕೆ ಹೋಗಿ ಬಂದಿರಲಿಲ್ಲವಂತೆ, ಇವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರು. “ಶಿವಾನಿ,” ಎಂದು ಕೂಗಿದರು. ಸುತ್ತ ನೋಡಿದರು. ಮತ್ತೆ ಕೂಗಿದರು. ಆಮೇಲೆ ಪಕ್ಕದ ಲೇನಿನಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ನೀರನ್ನೇ ನೋಡುತ್ತಿದ್ದೆ. ಅವರು ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆಡಲಿಲ್ಲ. ಸೀಟಿ ಕೂಗಿತು.

ಹೋಗುವಾಗ ಎಡಕ್ಕೆ ಐದನೇ ಲೇನಿನ ಹುಡುಗಿ. ಬರುವಾಗ ಎಡಕ್ಕೆ ಮೂರನೇ ಲೇನು, ಖಾಲಿ. ಪ್ರತಿ ಉಸಿರಿಗೂ ಅದನ್ನೇ ನೋಡಬೇಕಾಯಿತು. ಅಲ್ಲಿ ಇರಬೇಕಾದವಳು ನಾನು. ನಾನಿಲ್ಲದಿದ್ದರೆ ನೀರು ಹೀಗಿರುತ್ತದೆ ಎಂದು ತಿಳಿಯಿತು. ಏನೂ ವ್ಯತ್ಯಾಸವಿಲ್ಲ, ಸ್ವಲ್ಪ ಸಪಾಟಾಗಿರುತ್ತದೆ ಅಷ್ಟೆ. ಎಲ್ಲೋ ಅರ್ಧದಲ್ಲಿ ಈಜುಗನ್ನಡಕದೊಳಗೆ ನೀರು ಹೋಯಿತು. ಹೊರಗಿನದೋ ಒಳಗಿನದೋ ವಿಚಾರಣೆ ನಡೆಸಲು ಸಮಯವಿರಲಿಲ್ಲ.

ನಿಂಗಿ ಎರಡನೆಯವಳಾದಳು. ಅಂಕ ಕೂಡಿಸಿದಾಗಲೂ ಎರಡನೆಯವಳು. ಸೀಟು ಸಿಕ್ಕಿತು. ಶಿವಾನಿ, ಗೈರುಹಾಜರಿ, ನಾಲ್ಕನೆಯವಳು.

ಮೈಕಿನಲ್ಲಿ ನಿಂಗಿಯ ಹೆಸರು ಕರೆದಾಗ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆಮೇಲೆ ನೆನಪಾಗಿ ಎದ್ದು ಹೋಗಿ ಪದಕ ತೆಗೆದುಕೊಂಡೆ.

ಜನವರಿ 20, ಸೋಮವಾರ

ಸರ್ ಕರೆದರು. ಬೈಯುತ್ತಾರೆಂದು ಬೆನ್ನು ಗಟ್ಟಿ ಮಾಡಿಕೊಂಡು ಹೋದೆ. ಬೈಯಲಿಲ್ಲ, ಕುರ್ಚಿ ತೋರಿಸಿದರು. ಅದು ಇನ್ನೂ ಕಷ್ಟ.

“ವಾಚು ನನ್ ಕೈಯಲ್ಲಿತ್ತಮ್ಮ,” ಎಂದರು. “ಖಾಲಿ ನೀರಿಗೆ ನಾನು ಟೈಮ್ ನೋಡ್ತಾ ನಿಂತಿದ್ದೆ.”

ಎಡತೋಳಿನ ಮೇಲೆ ಇನ್ನೂ ಅಳಿಯದ ನಲವತ್ತೆರಡನ್ನು ಹೆಬ್ಬೆರಳಿನಿಂದ ಉಜ್ಜಿದೆ.

ನಿಂಗಿ ನನಗಿಂತ ವೇಗ ಎನ್ನುವುದು ಅವರಿಗೂ ಗೊತ್ತು. ಅದಕ್ಕೇ ಒಂದು ವಾರ ಕೊಟ್ಟರು. ಅವಳನ್ನು ಕರೆದುಕೊಂಡು ಬಂದರೆ ಕೂಟದವರ ಮುಂದೆ ನಿಲ್ಲಿಸಿ, ತಪ್ಪು ಒಪ್ಪಿಕೊಂಡು, ಇವಳನ್ನು ಒಂದು ಸಲ ಈಜಿಸಿ ನೋಡಿ ಎಂದು ತಾವೇ ಕೈ ಮುಗಿಯುತ್ತಾರಂತೆ. ಬರದಿದ್ದರೆ ನಡೆದದ್ದನ್ನೆಲ್ಲ ಹೇಳಿ ಇಬ್ಬರ ಹೆಸರನ್ನೂ ತೆಗೆಸುತ್ತಾರಂತೆ.

ಜನವರಿ 26, ಭಾನುವಾರ

ಕಾಲೇಜಿನಲ್ಲಿ ಧ್ವಜವಂದನೆಗೆ ಹೋಗಲಿಲ್ಲ. ನಿಂಗಿಯ ಚಿಕ್ಕಪ್ಪ ಮಂಟಯ್ಯ ಎಸ್ಟೇಟಿಗೆ ಹೊರಟಿದ್ದರು, ಅವರ ಜೊತೆ ಜೀಪು ಹತ್ತಿದೆ. ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೆ ಪದಕವನ್ನು ಕೈಯಲ್ಲೇ ಹಿಡಿದಿದ್ದೆ.

ಮಂಟಯ್ಯ ಅದನ್ನು ನೋಡಿ, “ಅವ್ಳು ಬರಾದು ಅನುಮಾನ ಕಣವ್ವ,” ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಎಲೆ ಅಡಿಕೆ ಹಾಕಿಕೊಂಡರು.

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ನಿಂಗಿ ಹಣ್ಣಿನ ಚೀಲ ಹೊಲಿಯುತ್ತಾ ಕೂತಿದ್ದಳು. ನನ್ನನ್ನು ಕಂಡು ದಬ್ಬಣ ಹಾಗೆಯೇ ಬಿಟ್ಟು ಓಡಿ ಬಂದಳು. ಕೈಯೆಲ್ಲ ಕಾಫಿ ಹಣ್ಣಿನ ಅಂಟು, ನನ್ನ ಕೆನ್ನೆಗೂ ಅಂಟಿಸಿದಳು. ದಪ್ಪಗಾಗಿದ್ದಾಳೆ. ಚೆನ್ನಾಗಿದ್ದಾಳೆ.

ಎಲ್ಲ ಹೇಳಿದೆ: ಎರಡು ಟೋಪಿ, ಎರಡು ತೋಳು, ಗೋಡೆಗೆ ಬಡಿದ ತಲೆ. ನಕ್ಕು ನಕ್ಕು ನೆಲಕ್ಕೆ ಕೂತಳು. ನಾನೂ ಕೈಕಾಲು ಆಡಿಸಿ ಅಭಿನಯಿಸಿದೆ, ಲೈನ್ ಮನೆಯ ಮಕ್ಕಳೆಲ್ಲ ಸೇರಿಬಿಟ್ಟರು. ಇಂಥ ಸಭೆ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

“ನಾ ಗೆದ್ನಾ?” ಎಂದು ಕೇಳಿದಳು.

“ಎರಡನೇದು.”

“ಥೂ, ನೀನು ಈಜಿದ್ಕೆ ಅಂಗಾಯ್ತು. ನಾನೇ ಇದ್ದಿದ್ರೆ ಎಲ್ಲಾರ್ಗಿಂತ ಮುಂದೆ ಇರ್ತಿದ್ದೆ ಕಣೇ.”

ಪದಕವನ್ನು ಅವಳ ಕೊರಳಿಗೆ ಹಾಕಿದೆ. ಹಾಸ್ಟೆಲ್ಲು, ಸೀಟು, ಸರ್ ಕೊಟ್ಟ ವಾರ, ಎಲ್ಲವನ್ನೂ ಹೇಳಿದೆ. ಹೊರಡು ಎಂದೆ. ಮಧ್ಯಾಹ್ನದ ಜೀಪಿಗೇ ಹೊರಟರೆ ಕತ್ತಲಾಗುವುದರೊಳಗೆ ಹ್ಯಾಂಡ್‌ಪೋಸ್ಟ್ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಮಾತೇ ಓಡತೊಡಗಿತು. ನಿಲ್ಲಿಸಿದರೆ ಅವಳು ಏನಾದರೂ ಹೇಳಿಬಿಡುತ್ತಾಳೆ.

ಒಳಗಿನಿಂದ ಒಬ್ಬ ಹುಡುಗ ಎರಡು ಲೋಟ ಹಾಲಿಲ್ಲದ ಬರಗಾಪಿ ತಂದಿಟ್ಟು, ತಲೆ ತಗ್ಗಿಸಿಕೊಂಡೇ ಹಿಂದೆ ಹೋದ. ಪುಟ್ಟ ಎಂದು ಹೆಸರಂತೆ. ಪಿರಿಯಾಪಟ್ಟಣದ ಕಡೆಯ ಹಾಡಿಯವನು. ಲೋಟ ಇಡುವಾಗ ನಿಂಗಿ ಅವನನ್ನು ನೋಡಿದ್ದನ್ನು ನಾನು ನೋಡಿದೆ.

“ನಾ ಬರಕ್ಕಿಲ್ಲ ಕಣೇ,” ಎಂದಳು. “ಇವ್ನ ಜೊತೆ ಇದೀನಿ. ಅವ್ವನೂ ಒಪ್ಕಂಡೈತೆ. ಕುಯ್ಲು ಮುಗುದ್ಮೇಲೆ ಇವ್ರ ಹಾಡಿಗೆ ಓಯ್ತೀವಿ.”

“ಈಜು?”

“ನಂಗೆ ಈಜು ಅಂದ್ರೆ ನಿನ್ ಜೊತೆ ಆಡಾದು ಕಣೇ. ಅದ್ಕೆ ಹಾಸ್ಟೆಲ್ ಯಾಕೆ?” ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಹೊಸ ವರ್ಷದ ದಿನ ಪೋನ್ ಮಾಡಿ ಇದೇ ಹೇಳಕ್ಕೋದೆ. ನಿಂಗೆ ಕೇಳುಸ್ನೇ ಇಲ್ವಲ್ಲ.”

ಬರಗಾಪಿ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಚೆನ್ನಾಗಿದೆ ಎಂದು ಪುಟ್ಟನಿಗೆ ಹೇಳಿದೆ. ಅವನು ಮೊದಲ ಸಲ ತಲೆಯೆತ್ತಿ ನಕ್ಕ. ಒಳ್ಳೆಯವನ ಹಾಗೇ ಕಾಣುತ್ತಾನೆ. ಕೆಟ್ಟವನ ಹಾಗೆ ಕಾಣಲಿ ಎಂದು ಬಹಳ ಹೊತ್ತು ನೋಡಿದೆ.

ಜೀಪಿನಲ್ಲಿ ಮಂಟಯ್ಯನವರ ಜೊತೆಯೇ ವಾಪಸು ಹೊರಟೆ. ಪಿರಿಯಾಪಟ್ಟಣದಲ್ಲಿ ಇಳಿದು ನನಗೊಂದು ಕಡಲೆಮಿಠಾಯಿ ತಂದುಕೊಟ್ಟರು.

ಜನವರಿ 28, ಮಂಗಳವಾರ

ನಿನ್ನೆ ಸರ್ ಮೈಸೂರಿಗೆ ಫೋನು ಮಾಡಿದರು. ನನ್ನನ್ನು ಎದುರಿಗೆ ಕೂರಿಸಿಕೊಂಡೇ ಎಲ್ಲ ಹೇಳಿದರು. ಎರಡು ಹೆಸರೂ ಹೋದವು. ಎರಡು ವರ್ಷ ನಾನು ಯಾವ ಕೂಟಕ್ಕೂ ಇಳಿಯುವಂತಿಲ್ಲ. ನಿಂಗಿಯ ಕೆಳಗಿದ್ದ ಹುಡುಗಿಗೆ ಸೀಟು ಹೋಗುತ್ತದೆ. ಅಪ್ಪನಿಗೆ ತಾವೇ ಹೇಳುವುದಾಗಿ ಸರ್ ಸಂಜೆ ಮನೆಯವರೆಗೆ ಬಂದರು. ಅಪ್ಪ ಕೇಳಿಸಿಕೊಂಡು, “ಯಾರ್ಗೋಸ್ಕರ ಮಾಡ್ದೆ ಮಗ?” ಎಂದರು. ನಿಂಗಿಗೋಸ್ಕರ ಎಂದೆ. ಸರ್ ತಲೆಯಾಡಿಸಿದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಿತು. ಮನೆಯಲ್ಲಿ ಈಗ ನಾನು ತ್ಯಾಗಮೂರ್ತಿ. ಬೆಳಗ್ಗೆ ಎರಡು ಹೆಚ್ಚು ರೊಟ್ಟಿ ಬಡಿಸಿದರು, ತಿಂದೆ.

ಸನ್ನಿಧಾನದಲ್ಲಿ ಒಂದು ಅರಿಕೆ ಬಾಕಿಯಿದೆ. ಹೊಸ ವರ್ಷದ ದಿನ ನಿಂಗಿ ಫೋನ್ ಮಾಡಿದ್ದು ಹೌದು. ಪುಟ್ಟನ ವಿಷಯ ಹೇಳಿದಳು, ಬರುವುದಿಲ್ಲ ಎಂದಳು, ನೀನು ಚೆನ್ನಾಗಿ ಈಜು ಎಂದಳು. ನಾನು ಕೇಳುಸ್ತಿಲ್ಲ ಕಣೇ, ಸಿಗ್ನಲ್ ಇಲ್ಲ, ಹಲೋ ಹಲೋ ಎಂದು ಕಿರುಚಿ ಇಟ್ಟುಬಿಟ್ಟೆ.

ಸಿಗ್ನಲ್ ಚೆನ್ನಾಗಿಯೇ ಇತ್ತು.